ಚೈನಿನ ಮಶೀನ್ ಯಾಕೆ ಅಷ್ಟು ಸಪ್ಪಳ ಮಾಡುತ್ತದೆ?

ಹೊಲದಲ್ಲಿ ಕೃಷಿಹೊಂಡ ತೋಡಲು ಬರುವ ಚೈನಿನ ಮಶೀನನ್ನು ನೀವೆಲ್ಲ ನೋಡಿದ್ದೀರಿ. ಅದು ಯಾವ ಕಂಪನಿಯದೇ ಇರಲಿ, ನಮ್ಮ ಇಟಗಿಯಲ್ಲಿ ಅದಕ್ಕೆ ‘ಹಿಟಾಚಿ’ ಅಂತಲೇ ಹೆಸರು. ಹಿಟಾಚಿ ಜಪಾನ್ ದೇಶದ ಕಂಪನಿ. ಟಾಟಾದವರ ಜೊತೆ ಕೂಡಿ ಧಾರವಾಡದಲ್ಲಿ ಇಂಥ ಮಶೀನು ಮಾಡುತ್ತಾರೆ. ನಮ್ಮದೇ ರಾಜ್ಯದ ಕೆ.ಜಿ.ಎಫ್.ನಲ್ಲಿ ಬಿ.ಇ.ಎಂ.ಎಲ್.ನವರು ಬುಲ್ಡೋಜರ್ ಮಾಡುತ್ತಾರೆ. ಆ ಕಂಪನಿ 1964ರಲ್ಲಿ ಶುರುವಾಯಿತು.

ಮಶೀನು ನಿಂತು ಅಗೆಯುವಾಗ ಇಂಜಿನ್ ಸಪ್ಪಳ ಕೇಳುತ್ತದೆ. ನಡೆಯಲು ಹತ್ತಿತೆಂದರೆ ಗಡಗಡ, ಕಿರ್ರ್ ಅಂತ ಅರ್ಧ ಊರಿಗೆ ಕೇಳುತ್ತದೆ. ಆ ಹೆಚ್ಚಿನ ಸಪ್ಪಳ ಇಂಜಿನ್ನಿನದಲ್ಲ, ಕೆಳಗಿನ ಚೈನು ಮತ್ತು ರೋಲರ್‌ಗಳದು.

ಚೈನ್ ಯಾಕೆ ಬೇಕು, ಗಾಲಿ ಸಾಕಲ್ಲ ಅಂತ ನಾನೂ ಕೇಳಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆತ್ತನೆ ನೆಲದಲ್ಲಿ ಗಾಲಿಯ ಟ್ರ್ಯಾಕ್ಟರು ಹುಗಿಯುತ್ತಿದ್ದವು. ಅದಕ್ಕೆ ಬೆಂಜಮಿನ್ ಹೋಲ್ಟ್ ಎಂಬುವರು 1904ರಲ್ಲಿ ಗಾಲಿ ತೆಗೆದು ಚೈನ್ ಹಾಕಿ ನಡೆಸಿ ನೋಡಿದರು. ಮಳೆಗಾಲದ ನಮ್ಮ ಎರೆ ಹೊಲವೂ ಹಂಗೇ. ಚಕ್ಕಡಿ ಹುಗಿದರೆ ಎತ್ತಿನ ಪಾಡು ಗೊತ್ತಲ್ಲ!

ಈ ಮಶೀನು ತನ್ನ ಹಳಿಯನ್ನು ತಾನೇ ಹಾಸಿಕೊಂಡು ಹೋಗುವ ರೈಲು ಇದ್ದಂತೆ. ಚೈನ್ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ, ಅದರ ಮೇಲೆ ಬಾಟಮ್ ರೋಲರ್‌ಗಳು ಉರುಳಿ ಹೋಗುತ್ತವೆ. ಮೇಲ್ಗಡೆ ಚೈನ್ ಜೋತು ಬೀಳದಂತೆ ಟಾಪ್ ರೋಲರ್ ಇರುತ್ತದೆ. ಹಳೆಯ ಹಳಿಯ ಕೂಡಿಕೆಯ ಮೇಲೆ ರೈಲು ‘ಟಕ್ ಟಕ್’ ಅನ್ನುತ್ತದಲ್ಲ, ಇಲ್ಲಿ ಚೈನಿನ ಪ್ರತಿ ಕೊಂಡಿಗೂ ಅಂಥ ಕೂಡಿಕೆ ಇದೆ. 20 ಟನ್ನಿನ ಮಶೀನಿನಲ್ಲಿ ಒಂದು ಕೊಂಡಿ ಸುಮಾರು 190 ಮಿ.ಮೀ. ಉದ್ದ. ಮಶೀನು ಸೆಕೆಂಡಿಗೆ 1 ಮೀಟರ್ ಹೋದರೆ ಒಂದು ರೋಲರ್ ಸೆಕೆಂಡಿಗೆ 5 ಕೂಡಿಕೆ ದಾಟುತ್ತದೆ. ಒಂದು ಬದಿಗೆ 7 ರೋಲರ್ ಅಂದರೆ ಎರಡೂ ಬದಿಗೆ 14. ಗುಣಿಸಿ ನೋಡಿರಿ: ಸೆಕೆಂಡಿಗೆ 70 ಏಟು! ಕಬ್ಬಿಣದ ಮೇಲೆ ಕಬ್ಬಿಣ, ಮೇಲೆ 20 ಟನ್ ಭಾರ. ಗಡಗಡ ಅನ್ನದೆ ಇನ್ನೇನು ಅಂದೀತು?

ಈ ಗಡಗಡ ಪೂರ್ತಿ ಹೋಗುವುದಿಲ್ಲ. ಆದರೆ ‘ಕಿರ್ರ್’ ಮತ್ತು ‘ಧಡ್ ಧಡ್’ ಅನ್ನುವುದು ರೋಗದ ಸಪ್ಪಳ. ನಮ್ಮ ಕಾಕಾ ಇಂಥ ಮಶೀನಿನ ಆಪರೇಟರ್. ಅವರು ಅಂದರು, “ತಮ್ಮಾ, ಮಶೀನ್ ಚೀರಾಕತ್ತಿತು ಅಂದ್ರ ಇಳದು ನೋಡಬೇಕು. ಸುಮ್ಮನ ಚೀರಂಗಿಲ್ಲ ಅದು.”

ನಮ್ಮ ಕಡೆ ದೊಡ್ಡ ವೈರಿ ಎರೆಮಣ್ಣು. ಹಸಿ ಇದ್ದಾಗ ಚೈನಿನ ಒಳಗೆ ತುಂಬಿಕೊಳ್ಳುತ್ತದೆ, ಒಣಗಿದರೆ ಇಟ್ಟಂಗಿ ಆಗುತ್ತದೆ. ಆಗ ಟಾಪ್ ರೋಲರ್ ತಿರುಗುವುದೇ ಇಲ್ಲ. ನಿಂತ ರೋಲರ್ ಮೇಲೆ ಚೈನ್ ತಿಕ್ಕಿಕೊಂಡು ಹೋಗುತ್ತದೆ, ಅದೇ ‘ಕಿರ್ರ್’. ಹಂಗೇ ಬಿಟ್ಟರೆ ರೋಲರ್ ಒಂದು ಕಡೆ ಸವೆದು ಚಪ್ಪಟೆ ಆಗುತ್ತದೆ. ಆಮೇಲೆ ಮಣ್ಣು ತೆಗೆದರೂ ಸಪ್ಪಳ ಹೋಗುವುದಿಲ್ಲ, ರೋಲರನ್ನೇ ಬದಲಿಸಬೇಕು. ಅದಕ್ಕೆ ಸಂಜೆ ಕೆಲಸ ಮುಗಿದ ಕೂಡಲೇ, ಮಣ್ಣು ಹಸಿ ಇರುವಾಗಲೇ, ಬಕೆಟ್ ನೆಲಕ್ಕೆ ಒತ್ತಿ ಒಂದು ಬದಿ ಎತ್ತಿ, ಚೈನನ್ನು ಹಿಂದೆ ಮುಂದೆ ತಿರುಗಿಸಿ ಮಣ್ಣು ಉದುರಿಸುತ್ತಾರೆ. ಉಳಿದದ್ದನ್ನು ಇಂಜಿನ್ ಬಂದ್ ಮಾಡಿ ಸಲಿಕೆಯಿಂದ ಕೆರೆಯುತ್ತಾರೆ. ಚೈನ್ ತಿರುಗುವಾಗ ನಾವು ಹುಡುಗರು ಹತ್ತಿರ ನಿಲ್ಲಲೇಬಾರದು.

ಎರಡನೆಯದು ಚೈನಿನ ಬಿಗಿ. ಸಡಿಲಾದರೆ ಚೈನ್ ಟಾಪ್ ರೋಲರ್ ಮೇಲೆ ಎದ್ದೆದ್ದು ಬೀಳುತ್ತದೆ, ಅದು ‘ಧಡ್ ಧಡ್’. ಬಹಳ ಬಿಗಿಯಾದರೆ ಪಿನ್ನು, ಬುಷ್, ರೋಲರ್ ಎಲ್ಲ ಬೇಗ ಸವೆಯುತ್ತವೆ. ಬಿಗಿ ಮಾಡುವ ರೀತಿ ನನಗೆ ಬಹಳ ಸೇರಿತು: ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿದರೆ ಮುಂದಿನ ಐಡ್ಲರ್ ಗಾಲಿ ಮುಂದೆ ಸರಿದು ಚೈನ್ ಬಿಗಿಯುತ್ತದೆ. ಸೈಕಲ್ಲಿನ ಹಿಂದಿನ ಗಾಲಿ ಜಗ್ಗಿ ಚೈನ್ ಬಿಗಿ ಮಾಡಿದಂತೆಯೇ. ಆದರೆ ಒಳಗಿನ ಗ್ರೀಸಿಗೆ ವಿಪರೀತ ಒತ್ತಡ. ಸಡಿಲ ಮಾಡುವಾಗ ಅದರ ಎದುರು ನಿಂತರೆ ಮೈಗೆ ಹೊಕ್ಕೀತು.

ಸಪ್ಪಳ ಬಂದರೆ ಕೆಲವರು ಚೈನಿನ ಮೇಲೆ ಸುಟ್ಟ ಆಯಿಲ್ ಸುರಿಯುತ್ತಾರೆ. ಒಂದು ತಾಸು ಸಪ್ಪಳ ನಿಲ್ಲುವುದು ಖರೆ. ಆಮೇಲೆ ಆಯಿಲ್ಲಿಗೆ ಉಸುಕು ಅಂಟಿ ಉಸುಕಿನ ಕಾಗದದಂತೆ ತಿಕ್ಕುತ್ತದೆ. ರೋಲರಿಗೆ ಬೇಕಾದ ಆಯಿಲ್ ಅದರ ಒಳಗೇ ಇರುತ್ತದೆ. ಹೊರಗೆ ಸೋರದಂತೆ ನುಣುಪಾದ ಎರಡು ಲೋಹದ ಉಂಗುರ ಮುಖಕ್ಕೆ ಮುಖ ಕೂಡಿರುತ್ತವೆ, ಅವುಗಳನ್ನು ರಬ್ಬರ್ ಉಂಗುರ ಒತ್ತಿ ಹಿಡಿಯುತ್ತದೆ. ಒಂದು ರೋಲರ್ ಬದಿಗೆ ಆಯಿಲ್ ಇಳಿದ ಕರೆ ಕಂಡರೆ, ಇಲ್ಲವೆ ಉಳಿದವುಗಳಿಗಿಂತ ಅದೊಂದೇ ಹೆಚ್ಚು ಕಾದಿದ್ದರೆ, ಅದು ಕೆಟ್ಟಿದೆ ಎಂದು ತಿಳಿಯಬೇಕು.

ರಬ್ಬರಿನ ಉಪಾಯವೂ ಉಂಟು. ಊಟದ ಸ್ಟೀಲ್ ತಾಟನ್ನು ಚಮಚದಿಂದ ಬಡಿಯಿರಿ, ಠಣ್ ಅನ್ನುತ್ತದೆ. ಅಂಗೈ ಇಟ್ಟು ಬಡಿದರೆ ಬರೀ ಟಪ್. ತಾಟಿನ ನಡುಕವನ್ನು ಕೈ ನುಂಗಿತು. ಹಾಗೆಯೇ ಡಾಂಬರು ರಸ್ತೆಯ ಮೇಲೆ ಹೋಗುವಾಗ ಶೂಗಳಿಗೆ ರಬ್ಬರ್ ಪಟ್ಟಿ ಹಾಕಬಹುದು. ಸಣ್ಣ ಮಶೀನುಗಳಿಗೆ ಪೂರ್ತಿ ರಬ್ಬರಿನ ಪಟ್ಟಾನೇ ಇರುತ್ತದೆ. ಕಲ್ಲಿನ ನೆಲದಲ್ಲಿ ರಬ್ಬರು ಬೇಗ ಹರಿಯುತ್ತದೆ, ಅದಕ್ಕೇ ದೊಡ್ಡ ಮಶೀನಿಗೆ ಕಬ್ಬಿಣವೇ ಗತಿ. ದೂರ ಹೋಗುವುದಿದ್ದರೆ ನಡೆಸದೆ ಟ್ರೇಲರ್ ಮೇಲೆ ಒಯ್ಯುವುದು ಎಲ್ಲಕ್ಕಿಂತ ಚಲೋ.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಈಗ ಮನೆಯಲ್ಲಿ ಚಿಗವ್ವ ಎರಡು ಸಲ ಕರೆದರೂ ಕಾಕಾಗೆ ಕೇಳುವುದಿಲ್ಲ. 85 ಡೆಸಿಬೆಲ್ಲಿಗಿಂತ ಜೋರಾದ ಸಪ್ಪಳದಲ್ಲಿ ದಿನಾ 8 ತಾಸು ಇದ್ದರೆ ಕಿವಿಯ ಒಳಗಿನ ಕೂದಲಿನಂಥ ಜೀವಕೋಶ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತ 100 ಮೀಟರನ್ನು ಶಾಂತ ವಲಯ ಮಾಡಬಹುದು, ಅಲ್ಲಿ ಹಗಲು 50 ಡೆಸಿಬೆಲ್ ಮಿತಿ ಎಂದಿದೆ. ಹೋದ ತಿಂಗಳು ಶಾಲೆಯ ಹಿಂದಿನ ಹೊಲದಲ್ಲಿ ಮಶೀನು ನಡೆದಾಗ ಗಣಿತದ ಸರ್ ಮೂರು ಸಲ ಪಾಠ ನಿಲ್ಲಿಸಿದ್ದು ನಿಮಗೂ ನೆನಪಿದೆ. ನಾನು ಕಾಕಾಗೆ ಹೇಳಿದೆ. ಶಾಲೆ ಹತ್ತಿರದ ಕೆಲಸ ಬಂದರೆ ಸಂಜೆ ಗಂಟೆ ಹೊಡೆದ ಮೇಲೆ ಮಶೀನು ನಡೆಸುತ್ತೇನೆ ಅಂದಿದ್ದಾರೆ. ಕಿವಿಗೆ ಹಾಕುವ ಬಿರಡೆಯನ್ನು ಗದಗದಿಂದ ತರುತ್ತೇನೆ ಅಂದಿದ್ದರು, ಇನ್ನೂ ತಂದಿಲ್ಲ.