ಸಾಲದ ಮನೆಯಲ್ಲಿ ಬಿ.ಪಿ. ಮಾತ್ರೆ

ಆತನಿಗೆ ಮೂವತ್ತೆರಡು ವರ್ಷ. ವಾಹನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ತಲೆಯ ಹಿಂಭಾಗ ಹಿಡಿದಂತೆ ನೋವು, ಊಟವಾದ ಮೇಲೆ ಎದೆಯುರಿ, ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ ಎಂದು ಬಂದಿದ್ದ. ರಕ್ತದೊತ್ತಡ ನೋಡಿದರೆ 154/98. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ. 150/96. ಈ ವಯಸ್ಸಿಗೆ ಇದು ಹೆಚ್ಚೇ.

ಮಾತ್ರೆ ಬರೆಯಲು ಕೈ ಹಾಕಿದಾಗ ಜೊತೆಯಲ್ಲಿದ್ದ ಪತ್ನಿ ತಡೆದರು. "ಹೋದ ವರ್ಷವೂ ಬರೆದುಕೊಟ್ಟಿದ್ರು ಡಾಕ್ಟ್ರೇ. ಒಂದು ತಿಂಗಳು ತಗೊಂಡು ಬಿಟ್ಟುಬಿಟ್ರು. ಆ ದುಡ್ಡು ಸಂಘದ ಕಂತಿಗಾಗುತ್ತೆ ಅಂತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತಿರ್ತಾರೆ."

ಆತ ತಲೆ ತಗ್ಗಿಸಿದ. ರೋಗ ಯಾವುದೆಂದು ಆಗ ನನಗೆ ಅರ್ಥವಾಯಿತು.

ಓದುಗರೇ, ಇಂಥ ಸಂಸಾರ ನಿಮ್ಮ ಬೀದಿಯಲ್ಲೂ ಇದೆ. ನಿಮ್ಮದೇ ಇರಬಹುದು. ದುಂದು ಮಾಡಿದವರಲ್ಲ, ಜೂಜಾಡಿದವರಲ್ಲ. ಮೊದಲ ಹೆರಿಗೆ ಸಿಸೇರಿಯನ್ ಆಯಿತು, ಅದಕ್ಕೊಂದು ಕೈಸಾಲ. ಕೆಲಸಕ್ಕೆ ಹೋಗಿಬರಲು ಸ್ಕೂಟರ್, ಅದಕ್ಕೊಂದು ಕಂತು. ತಂಗಿಯ ಮದುವೆಗೆ ಒಡವೆ ಬ್ಯಾಂಕಿಗೆ ಹೋಯಿತು. ಈ ಕಂತುಗಳನ್ನು ಕಟ್ಟಲು ಕೈಯಲ್ಲಿ ಹಣವಿಲ್ಲದಾಗ ಕ್ರೆಡಿಟ್ ಕಾರ್ಡು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಇವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಆದರೆ ಕಾಲು ಆಗಲೇ ಹೊರಗಿದೆ, ಚಳಿ ಹಿಡಿದಿದೆ. ಈಗ ಗಾದೆಯಿಂದ ಪ್ರಯೋಜನವಿಲ್ಲ.

ದೇಹಕ್ಕೆ ಸಾಲದ ಸುದ್ದಿ ಮುಟ್ಟುವ ಬಗೆ

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಇವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಚೋದಕ ರಸಗಳನ್ನು ರಕ್ತಕ್ಕೆ ಸುರಿಯುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಓಡಲು ಬೇಕಾದ ಸಕ್ಕರೆ ರಕ್ತಕ್ಕೆ ಬರುತ್ತದೆ. ನಾಯಿ ಹಿಂತಿರುಗಿತು, ನೀವು ಮನೆ ಸೇರಿದಿರಿ, ಎಲ್ಲವೂ ತಹಬಂದಿಗೆ ಬರುತ್ತದೆ. ಸಾಲವೆಂಬ ನಾಯಿ ಹಿಂತಿರುಗುವುದಿಲ್ಲ. ತಿಂಗಳ ಐದನೇ ತಾರೀಖು, ಹತ್ತನೇ ತಾರೀಖು, ಮೊಬೈಲಿನ ಗಂಟೆ, ಬಾಗಿಲ ಸದ್ದು, ಪ್ರತಿಯೊಂದಕ್ಕೂ ದೇಹ ಓಡಲು ಸಿದ್ಧವಾಗುತ್ತದೆ. ಓಡಲು ಮಾತ್ರ ಜಾಗವಿಲ್ಲ.

ಸಾಲವೊಂದರಿಂದಲೇ ಬಿ.ಪಿ. ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ವಂಶದ ಗುಣ, ಉಪ್ಪು, ಮೈತೂಕ, ತಂಬಾಕು ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಸಾಲ ಬೇರೆ ದಾರಿಗಳಿಂದಲೂ ಒಳಗೆ ಬರುತ್ತದೆ. ಈತ ಬೆಳಿಗ್ಗೆ ತಿಂಡಿ ಬಿಟ್ಟಿದ್ದ, ಹಸಿವಾದಾಗಲೆಲ್ಲ ಟೀ ಕುಡಿಯುತ್ತಿದ್ದ. ಸಂಜೆ ಇನ್ನೊಂದು ಕಡೆ ಲೆಕ್ಕ ಬರೆಯುವ ಕೆಲಸ ಹಿಡಿದು, ಮನೆಗೆ ಬಂದು ಹನ್ನೊಂದಕ್ಕೆ ಉಂಡು ಮಲಗುತ್ತಿದ್ದ. ತಲೆನೋವಿಗೆ ತಾನೇ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುತ್ತಿದ್ದ. ಇಂಥ ಹಲವು ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆಡಿಸುತ್ತವೆ, ರಕ್ತದೊತ್ತಡವನ್ನೂ ಏರಿಸುತ್ತವೆ, ಬಹುಕಾಲ ತಿಂದರೆ ಮೂತ್ರಪಿಂಡಕ್ಕೂ ಹಾನಿ. ಬಿ.ಪಿ. ಮಾತ್ರೆ ಬಿಟ್ಟು ಉಳಿಸಿದ ಹಣ ನೋವಿನ ಮಾತ್ರೆಗೆ ಹೋಗುತ್ತಿತ್ತು!

ಮರೆವಿನ ಮಾತಿಗೆ ಬರೋಣ. ಇದು ಆತನ ಕಲ್ಪನೆಯಲ್ಲ. ನೆರೆಯ ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ, ಕೈ ಬರಿದಾಗಿ ಸಾಲ ಏರಿದ್ದಾಗ, ಈ ರೈತರಿಗೆ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಕೊಟ್ಟರು. ಕಟಾವಾಗಿ ಹಣ ಕೈಸೇರಿದ ಮೇಲೆ ಮತ್ತೆ ಕೊಟ್ಟರು. ಅದೇ ರೈತರು ಎರಡನೆಯ ಸಲ ಸ್ಪಷ್ಟವಾಗಿ ಹೆಚ್ಚು ಅಂಕ ಪಡೆದರು. ಹಣದ ಚಿಂತೆ ತಲೆಯ ಜಾಗವನ್ನು ಆಕ್ರಮಿಸಿಕೊಂಡರೆ ಬೇರೆ ವಿಚಾರಗಳಿಗೆ ಉಳಿಯುವ ಜಾಗ ಕಡಿಮೆ ಎಂಬುದು ಸಂಶೋಧಕರ ವಿವರಣೆ. ಆದ್ದರಿಂದ ನಿಮ್ಮ ಮನೆಯವರು ಗ್ಯಾಸ್ ಬುಕ್ ಮಾಡುವುದನ್ನು ಮರೆತರೆ ಕೂಡಲೇ ರೇಗಬೇಡಿ.

ಮೊದಲ ಮದ್ದು: ಒಂದು ಹಾಳೆ

ನಾನು ಬ್ಯಾಂಕಿನವನಲ್ಲ, ವೈದ್ಯ. ಆದರೂ ಆ ದಿನ ಔಷಧಿ ಚೀಟಿಯ ಹಿಂಬದಿಯಲ್ಲೇ ದಂಪತಿಯಿಂದ ಸಾಲದ ಪಟ್ಟಿ ಬರೆಸಿದೆ. ಒಡವೆ ಸಾಲ 1,10,000. ಕೈಸಾಲ 80,000, ನೂರಕ್ಕೆ ತಿಂಗಳಿಗೆ ಮೂರು ಬಡ್ಡಿ. ಕ್ರೆಡಿಟ್ ಕಾರ್ಡು 40,000, ಬಡ್ಡಿ ತಿಂಗಳಿಗೆ ಮೂರೂವರೆ. ಸ್ಕೂಟರ್ 38,000. ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ 25,000. ಕಿರಾಣಿ ಅಂಗಡಿಯ ಬಾಕಿ 6,000. ಕೂಡಿದರೆ ಮೂರು ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಕಾರ್ಡಿನ ಬಾಕಿ ಪತ್ನಿಗೆ ಗೊತ್ತೇ ಇರಲಿಲ್ಲ. ಕಿರಾಣಿ ಅಂಗಡಿಯ ಬಾಕಿ ಪತಿಗೆ ಗೊತ್ತಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರು ಒಬ್ಬರಿಗೊಬ್ಬರು ಗೊತ್ತಾಗದಂತೆ ಹೊತ್ತಿದ್ದ ಭಾರವಿದು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆತ ಹೇಳಿದ ಮಾತು: "ಐದು ಲಕ್ಷ ಇರಬೇಕು ಅಂದ್ಕೊಂಡಿದ್ದೆ."

ಯಾವುದನ್ನು ಮೊದಲು ತೀರಿಸಬೇಕು? ಲೆಕ್ಕ ಹೇಳುವುದು ಸ್ಪಷ್ಟವಾಗಿದೆ. ಕಾರ್ಡಿನ ನಲವತ್ತು ಸಾವಿರಕ್ಕೆ ತಿಂಗಳಿಗೆ 1,400 ರೂಪಾಯಿ ಬಡ್ಡಿ. ಲಕ್ಷ ದಾಟಿದ ಒಡವೆ ಸಾಲಕ್ಕೆ, ವರ್ಷಕ್ಕೆ ನೂರಕ್ಕೆ ಹತ್ತೆಂದರೂ, ತಿಂಗಳಿಗೆ 900 ರೂಪಾಯಿ ಆಸುಪಾಸು. ಹಾಗಾಗಿ ಹೆಚ್ಚು ಬಡ್ಡಿಯ ಕಾರ್ಡು ಮೊದಲು, ಆಮೇಲೆ ಕೈಸಾಲ. ಆದರೆ ಮನಸ್ಸಿನ ಲೆಕ್ಕ ಬೇರೆ. ಸಿಂಗಪುರದಲ್ಲಿ ಬಹುಕಾಲದಿಂದ ಸಾಲದಲ್ಲಿದ್ದ 196 ಬಡವರ ಸಾಲವನ್ನು ಧರ್ಮಾರ್ಥ ಸಂಸ್ಥೆಯೊಂದು ತೀರಿಸಿಕೊಟ್ಟ ಪ್ರಸಂಗವನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಅವರ ಆತಂಕ ಇಳಿದಿತ್ತು, ಯೋಚನಾಶಕ್ತಿ ಚುರುಕಾಗಿತ್ತು. ಎಷ್ಟು ಹಣ ತೀರಿತು ಎಂಬುದಕ್ಕಿಂತ ಎಷ್ಟು ಸಾಲಗಳು ಪೂರ್ತಿ ಮುಗಿದವು ಎಂಬುದೇ ಮುಖ್ಯವಾಗಿ ಕಂಡಿತು. ಆದ್ದರಿಂದ ನಾನು ಹೇಳಿದ್ದು: ಮೊದಲು ಕಿರಾಣಿ ಅಂಗಡಿಯ ಆರು ಸಾವಿರ ಮುಗಿಸಿ, ಆ ಪುಟ ಹರಿಯಿರಿ. ನಂತರ ಉಳಿದೆಲ್ಲದಕ್ಕೂ ಕಟ್ಟಬೇಕಾದಷ್ಟು ಮಾತ್ರ ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ಕಾರ್ಡಿಗೆ ಹಾಕಿ. ಒಂದು ಸಾಲ ತೀರಿಸಲು ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಸಾಲ ಎತ್ತುವುದು ಮಾತ್ರ ಬೇಡವೇ ಬೇಡ.

ಸಾಲ ವಸೂಲಿಯವರ ಕಾಟಕ್ಕೂ ಮಿತಿಯಿದೆ. ಬ್ಯಾಂಕು, ಹಣಕಾಸು ಕಂಪನಿಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಕಿರುಸಾಲ ವಸೂಲಿಗೆ ಬೆದರಿಕೆ, ಬಲವಂತ ಮಾಡಿದವರಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ. ರಾತ್ರಿ ಫೋನು ಬಂದ್ ಮಾಡಿ ಮಲಗುವುದು ನಿಮ್ಮ ಹಕ್ಕು, ನಿದ್ರೆಗೂ ಒಳ್ಳೆಯದು.

ಯಾವುದಕ್ಕೆ ಕತ್ತರಿ ಹಾಕಬಾರದು

ಖರ್ಚು ಕಡಿಮೆ ಮಾಡಲು ಹೊರಟ ಮನೆಯಲ್ಲಿ ಮೊದಲು ಹೋಗುವುದು ಹಣ್ಣು, ಹಾಲು, ಮೊಟ್ಟೆ. ಆಮೇಲೆ ಮಾತ್ರೆ. ಕೊನೆಗೆ ಗೃಹಿಣಿಯ ಊಟ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿ ನಮ್ಮಲ್ಲಿ ಮೊದಲೇ ಇದೆಯಲ್ಲ! ಇದು ಉಳಿತಾಯವಲ್ಲ, ಇನ್ನೊಂದು ಸಾಲ. ಬಿ.ಪಿ. ಮಾತ್ರೆ ಬಿಟ್ಟವನಿಗೆ ಪಾರ್ಶ್ವವಾಯು ಹೊಡೆದರೆ ಆಗುವ ಖರ್ಚು ಎಷ್ಟು, ದುಡಿಯುವ ಕೈ ನಿಂತರೆ ಕಂತು ಕಟ್ಟುವವರು ಯಾರು ಎಂದು ಒಮ್ಮೆ ಯೋಚಿಸಿ.

ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ. ಸಾಮಾನ್ಯ ಬಿ.ಪಿ. ಮಾತ್ರೆಗಳೂ ಅಲ್ಲಿ ಉಚಿತವಾಗಿ ಸಿಗುತ್ತವೆ. ದಾಸ್ತಾನಿಲ್ಲದ ದಿನ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಅಗ್ಗ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ನೆರವಿದೆ. ಕಾರ್ಡನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಡಿ. ಮಗುವಿನ ಲಸಿಕೆಗೆ ಸರ್ಕಾರಿ ಕೇಂದ್ರದಲ್ಲಿ ಕಾಸಿಲ್ಲ. ಅಲ್ಲಿಗೆ ಹೋಗಲು ಸಂಕೋಚವೇಕೆ?

ಊಟಕ್ಕೆ ದುಬಾರಿ ಡಬ್ಬಿಗಳ ಪುಡಿ ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಹುರುಳಿಕಾಳು, ಕಡಲೆಕಾಯಿ, ವಾರಕ್ಕೆ ಮೂರ್ನಾಲ್ಕು ಮೊಟ್ಟೆ, ಸಂತೆಯ ಸೊಪ್ಪು, ಜೊತೆಗೆ ಒಂದು ನಿಂಬೆಹಣ್ಣಿನ ಹುಳಿ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆಹುಳಿ ನೆರವಾಗುತ್ತದೆ. ಊಟದ ಜೊತೆಜೊತೆಗೇ ಟೀ ಕುಡಿದರೆ ಅದಕ್ಕೆ ಅಡ್ಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಿರಲಿ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಕತ್ತರಿ ಮೊದಲು ಬೀಳಬೇಕಾದ್ದು ಅಲ್ಲಿ.

ಸಾಲದ ಮಾತನ್ನು ಮಲಗುವ ಹೊತ್ತಿಗೆ ಎತ್ತಬೇಡಿ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅರ್ಧ ಗಂಟೆ, ಹಾಳೆ ಮುಂದಿಟ್ಟುಕೊಂಡು. ಮಗುವಿನ ಎದುರಿಗೆ ಜಗಳ ಬೇಡ. ನಾಲ್ಕು ವರ್ಷದ ಮಗುವಿಗೆ ಬಡ್ಡಿ ತಿಳಿಯದು, ಅಪ್ಪ ಅಮ್ಮನ ದನಿ ತಿಳಿಯುತ್ತದೆ.

ಒಂದು ವಿಷಯ ಮಾತ್ರ ಮರೆಮಾಚದೆ ಕೇಳಿ. ಎರಡು ವಾರಕ್ಕೂ ಮೀರಿ ನಿದ್ರೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, "ನಾನಿಲ್ಲದಿದ್ದರೆ ನೀವು ಚೆನ್ನಾಗಿರ್ತೀರಿ" ಎಂಬಂಥ ಮಾತು ಬರುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. "ಸಾಯಬೇಕು ಅನಿಸ್ತಿದೆಯಾ?" ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುವುದಿಲ್ಲ, ಎಷ್ಟೋ ಜನರಿಗೆ ಕೇಳಿದ್ದೇ ಸಮಾಧಾನ. ಹಾಗಿದ್ದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆ ದಂಪತಿ ಮೂರು ತಿಂಗಳ ಮೇಲೆ ಮತ್ತೆ ಬಂದಿದ್ದರು. ಆತ ಮಾತ್ರೆಯನ್ನು ಆರೋಗ್ಯ ಕೇಂದ್ರದಿಂದ ತಪ್ಪದೆ ತರುತ್ತಿದ್ದಾನೆ, ನೋವಿನ ಮಾತ್ರೆ ನಿಲ್ಲಿಸಿದ್ದಾನೆ. ಬಿ.ಪಿ. 136/86. ಕಿರಾಣಿ ಬಾಕಿ ಮುಗಿದಿದೆ, ಕಾರ್ಡಿನಲ್ಲಿ ಹನ್ನೊಂದು ಸಾವಿರ ಇಳಿದಿದೆ. ಸಂಜೆಯ ಕೆಲಸ ಬಿಟ್ಟಿಲ್ಲ, ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದಾನೆ. ಅದು ನನಗೆ ಪೂರ್ತಿ ಒಪ್ಪಿಗೆಯಲ್ಲ, ಆದರೆ ಅವರ ಲೆಕ್ಕ ಅವರಿಗೆ ಗೊತ್ತು. ಹೊರಡುವಾಗ ಪತ್ನಿಯ ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. "ನಂಗೇನೂ ಇಲ್ಲ ಡಾಕ್ಟ್ರೇ" ಎಂದರು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.4. ಈ ಸಲದ ಚೀಟಿಯನ್ನು ಆಕೆಯ ಹೆಸರಿಗೆ ಬರೆದೆ.