ಮೆಮೊರಿಯ ವೇಗಕ್ಕೆ ಅಂಕ ನೀಡುವ ಬಗೆ

ಕಚೇರಿಗೆ ಗಣಕಯಂತ್ರಗಳನ್ನು ಕೊಳ್ಳಲು ದರಪಟ್ಟಿ ತರಿಸುವ ವರ್ತಕರು ಅದರಲ್ಲಿನ 'ಡಿಡಿಆರ್4-3200' ಎಂಬ ಅಂಕಿಯನ್ನೇ ಮೆಮೊರಿಯ ವೇಗವೆಂದು ಭಾವಿಸುವುದುಂಟು. ಇದು ಸೆಕೆಂಡಿಗೆ 320 ಕೋಟಿ ದತ್ತಾಂಶ ವರ್ಗಾವಣೆಗಳನ್ನು ಸೂಚಿಸುತ್ತದೆ. ಪ್ರತಿ ವರ್ಗಾವಣೆಗೆ 8 ಬೈಟ್‌ನಂತೆ ಒಂದು ಚಾನೆಲ್‌ಗೆ 25.6 ಗಿಗಾಬೈಟ್ ಆಗುತ್ತದೆ. ಆದರೆ ಇದು ಕಾಗದದ ಮೇಲಿನ ಗರಿಷ್ಠ ಮಿತಿ ಮಾತ್ರ. ಕೈಗೆ ದಕ್ಕುವುದೆಷ್ಟೆಂಬುದನ್ನು ಅಳೆದೇ ತಿಳಿಯಬೇಕು.

ಈ ಅಳತೆಗೆ ಹೆಸರಾದುದು 'ಸ್ಟ್ರೀಮ್' ಪರೀಕ್ಷೆ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಸಾಗರ ಅಧ್ಯಯನ ವಿಭಾಗದ ಅಧ್ಯಾಪಕರಾಗಿದ್ದ ಜಾನ್ ಮೆಕಾಲ್ಪಿನ್ 1991ರಲ್ಲಿ ಇದನ್ನು ರೂಪಿಸಿದರು. ನಕಲು, ಗುಣಾಕಾರ, ಸಂಕಲನ ಹಾಗೂ ಇವೆರಡೂ ಕೂಡಿದ 'ಟ್ರಯಡ್' ಎಂಬ ನಾಲ್ಕು ಕ್ರಿಯೆಗಳನ್ನು ಉದ್ದನೆಯ ಅಂಕಿಪಟ್ಟಿಗಳ ಮೇಲೆ ಸಾಮಾನ್ಯವಾಗಿ ಹತ್ತು ಬಾರಿ ನಡೆಸಲಾಗುತ್ತದೆ. ಮೊದಲ ಬಾರಿಯದನ್ನು ಕೈಬಿಟ್ಟು, ಉಳಿದವುಗಳಲ್ಲಿ ಅತಿ ಕಡಿಮೆ ಸಮಯವನ್ನು ಆಯ್ದು ಅಂಕ ನೀಡಲಾಗುತ್ತದೆ. ಅರ್ಥಾತ್, ಪ್ರಕಟವಾಗುವುದು ಸರಾಸರಿ ವಹಿವಾಟಲ್ಲ, ಅತ್ಯುತ್ತಮ ದಿನದ ವಹಿವಾಟು.

ಟ್ರಯಡ್‌ನಲ್ಲಿ ಪ್ರತಿ ಹಂತಕ್ಕೆ 24 ಬೈಟ್ ಲೆಕ್ಕ. ಒಂದು ಕೋಟಿ ಹಂತಗಳು 0.016 ಸೆಕೆಂಡಿನಲ್ಲಿ ಮುಗಿದರೆ ಅಂಕ 15,000 ಮೆಗಾಬೈಟ್. ಬಹುತೇಕ ಪ್ರೊಸೆಸರ್‌ಗಳು ಒಂದು ಸ್ಥಳಕ್ಕೆ ಬರೆಯುವ ಮುನ್ನ ಅದನ್ನೊಮ್ಮೆ ಓದಿ ತರುತ್ತವೆ. ಆ 8 ಬೈಟ್ ಲೆಕ್ಕಕ್ಕೆ ಸೇರುವುದಿಲ್ಲ. ಲಾರಿಯ ಖಾಲಿ ಓಡಾಟಕ್ಕೆ ಬಾಡಿಗೆ ಹಾಕದಂತೆ. ಹಾಗಾದಾಗ ನಿಜವಾದ ಸಾಗಣೆ 20,000 ಮೆಗಾಬೈಟ್!

ಪಟ್ಟಿ ಚಿಕ್ಕದಾದರೆ ಅಂಕ ಮೋಸ ಮಾಡುತ್ತದೆ. ಪ್ರತಿ ಪಟ್ಟಿಯೂ ಪ್ರೊಸೆಸರ್‌ನ ಕ್ಯಾಶ್‌ನ ನಾಲ್ಕರಷ್ಟಾದರೂ ಇರಬೇಕೆಂಬುದು ನಿಯಮ. 80 ಮೆಗಾಬೈಟ್‌ನ ಮೂರು ಪಟ್ಟಿಗಳು 256 ಮೆಗಾಬೈಟ್ ಕ್ಯಾಶ್ ಉಳ್ಳ ಸರ್ವರ್‌ನಲ್ಲಿ ಅಡಗಿಬಿಡಬಲ್ಲವು. ಆಗ ಅಳೆದದ್ದು ಮೆಮೊರಿಯನ್ನಲ್ಲ, ಬಹುಪಾಲು ಕ್ಯಾಶನ್ನು.

ಖರೀದಿದಾರರ ಹಣ ಪೋಲಾಗುವುದು ಬೇರೆಡೆ. 16 ಜಿಬಿಯ ಒಂದೇ ಪಟ್ಟಿಕೆ ಹಾಕಿದ ಯಂತ್ರಕ್ಕೆ ಗರಿಷ್ಠ ಮಿತಿ 25.6 ಗಿಗಾಬೈಟ್; 8 ಜಿಬಿಯ ಎರಡನ್ನು ಎರಡು ಚಾನೆಲ್‌ಗಳಲ್ಲಿ ಹಾಕಿದರೆ 51.2. ದರಪಟ್ಟಿಯಲ್ಲಿ ಎರಡೂ '16 ಜಿಬಿ, 3200' ಎಂದೇ ಇರುತ್ತವೆ.

ಮೆಮೊರಿ ಉತ್ತರಿಸಲು ತೆಗೆದುಕೊಳ್ಳುವ ವಿಳಂಬವನ್ನು ಸ್ಟ್ರೀಮ್ ಅಳೆಯುವುದೇ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ನಮೂದು ಹುಡುಕುವಂತಹ ಕೆಲಸಕ್ಕೆ ಅದೇ ಮುಖ್ಯ. 3200ರ ಮೆಮೊರಿಯಲ್ಲಿ 'ಸಿಎಲ್16' ಎಂದರೆ 10 ನ್ಯಾನೊಸೆಕೆಂಡ್, 'ಸಿಎಲ್22' ಎಂದರೆ 13.75; ಒಟ್ಟು ವಿಳಂಬದಲ್ಲಿ ಇದೊಂದು ಭಾಗ ಮಾತ್ರ. ಮಾರಾಟಗಾರರು ಅಂಕ ತೋರಿಸಿದಲ್ಲಿ ಪಟ್ಟಿಯ ಗಾತ್ರ, ಬಳಸಿದ ಕೋರ್‌ಗಳ ಸಂಖ್ಯೆ, ಪಟ್ಟಿಕೆಗಳ ಸಂಖ್ಯೆ ಹಾಗೂ ಸಿಎಲ್ ಮೌಲ್ಯವನ್ನು ಬರವಣಿಗೆಯಲ್ಲಿ ಪಡೆಯುವುದು ಉಚಿತ.