ಹೆಲ್ಮೆಟ್ಟಿನ ಮೇಲೆ ಸಿಟ್ಟೇಕೆ?



ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗ ಕಳೆದ ವರ್ಷ ಪರಊರಿನ ಡ್ರ್ಯಾಗ್ ರೇಸಿಗೆಂದು ಹೋದವನು ಬೈಕು ಓಡಿಸದೆಯೇ ಮುಖ ಊದಿಸಿಕೊಂಡು ಹಿಂತಿರುಗಿದ. ತಪಾಸಣೆಯವರು ಅವನ ಹೆಲ್ಮೆಟ್ ಹಳೆಯದೆಂದು ಬದಿಗಿಟ್ಟರಂತೆ.

“ನೋಡು ದೊಡ್ಡಮ್ಮ, ಒಂದು ಗೀರೂ ಇಲ್ಲ! ನಾನೂರು ಮೀಟರ್ ಓಡಿಸಲು ಚರ್ಮದ ಸೂಟು, ಬೂಟು, ಕೈಗವಸು, ಮೇಲೆ ಹೊಸ ಹೆಲ್ಮೆಟ್ಟು. ನನ್ನ ಎರಡು ತಿಂಗಳ ಸಂಬಳ ಅದಕ್ಕೇ ಬೇಕು. ಇದಕ್ಕಿಂತ ಪಾಮ್ ಬೀಚ್ ರಸ್ತೆಯೇ ವಾಸಿ” ಎಂದ.

ಆ ಕೊನೆಯ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ವಾಶಿಯಿಂದ ಬೇಲಾಪುರದವರೆಗಿನ ಆ ನೇರ ರಸ್ತೆಯಲ್ಲಿ ರಾತ್ರಿ ರೇಸಿಗಿಳಿದು ಮನೆಗೆ ಮರಳದ ಹುಡುಗರ ಸುದ್ದಿಯನ್ನು ನೀವೂ ಓದಿರುತ್ತೀರಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರುಂಟೇ?

ಡ್ರ್ಯಾಗ್ ರೇಸಿನಲ್ಲಿ ತಿರುವಿಲ್ಲ, ನಿಜ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್ ಓಡುವ ಪಂದ್ಯ. ಆದರೆ ಅಷ್ಟರಲ್ಲೇ ವೇಗ ಭಯಂಕರವಾಗಿ ಏರಿರುತ್ತದೆ. ಹೆಲ್ಮೆಟ್ಟಿನೊಳಗೆ ಥರ್ಮಾಕೋಲ್ ಜಾತಿಯ ಒಂದು ಪದರವಿದೆ. ಬಿದ್ದಾಗ ಅದು ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಜಜ್ಜಿದರೆ ಮುಗಿಯಿತು, ಹೊರಗೆ ಗೀರು ಕಾಣದಿದ್ದರೂ ಒಳಗೆ ಬಲವಿರುವುದಿಲ್ಲ. ಬೆವರು, ಬಿಸಿಲುಗಳಿಂದಲೂ ವರುಷ ಕಳೆದಂತೆ ಅದು ಸವೆಯುತ್ತದೆ.

ಈ ನಿಯಮಗಳು ಯಾರೋ ಕುರ್ಚಿಯಲ್ಲಿ ಕುಳಿತು ಹೊಸೆದವಲ್ಲ. 1956ರಲ್ಲಿ ಪೀಟ್ ಸ್ನೆಲ್ ಎಂಬ ಅಮೆರಿಕದ ರೇಸುಗಾರ ಹೆಲ್ಮೆಟ್ ಧರಿಸಿದ್ದರೂ ತಲೆಗೆ ಪೆಟ್ಟಾಗಿ ತೀರಿಕೊಂಡ. ಮರುವರ್ಷ ಅವನ ಗೆಳೆಯರು ಅವನ ಹೆಸರಿನಲ್ಲಿ ಹೆಲ್ಮೆಟ್ ಪರೀಕ್ಷಿಸುವ ಪ್ರತಿಷ್ಠಾನ ಕಟ್ಟಿದರು. 1970ರಲ್ಲಿ ಡಾನ್ ಗಾರ್ಲಿಟ್ಸ್‌ನ ಗಾಡಿಯ ಗೇರುಭಾಗ ಸಿಡಿದು ಬಲಪಾದದ ಮುಂಭಾಗವೇ ಹೋಯಿತು. ಆತ ಕೈಚೆಲ್ಲಲಿಲ್ಲ, ಎಂಜಿನ್ನು ಚಾಲಕನ ಹಿಂದಿರುವ ಗಾಡಿ ಕಟ್ಟಿ ಮರುವರ್ಷವೇ ಗೆದ್ದ. 2008ರಲ್ಲಿ ಸ್ಕಾಟ್ ಕಲಿಟ್ಟಾ ಸತ್ತ ಮೇಲೆ ಅಮೆರಿಕದ ಅತಿವೇಗದ ವರ್ಗಗಳ ಓಟವನ್ನೇ ಸಾವಿರ ಅಡಿಗೆ ಇಳಿಸಿದರು. ಒಂದೊಂದು ನಿಯಮದ ಹಿಂದೆ ಒಬ್ಬ ತಾಯಿಯ ಕಣ್ಣೀರಿದೆ.

ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಡ್ರ್ಯಾಗ್ ಪ್ರಶಸ್ತಿಗಳನ್ನು ಮತ್ತೆ ಮತ್ತೆ ಗೆದ್ದದ್ದು ಈ ರಕ್ಷಾಕವಚ ತೊಟ್ಟೇ. ರಸ್ತೆಯಲ್ಲಿ ಪಂದ್ಯ ಕಟ್ಟಿದವರಿಗೆ ಪ್ರಶಸ್ತಿಯಿಲ್ಲ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆಮನೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ!

ಆದರೂ ಹುಡುಗನ ದೂರಿನಲ್ಲಿ ಅರ್ಧ ಸತ್ಯವಿದೆಯೆಂದು ನನಗನಿಸಿತು. ಮಧ್ಯಮ ವರ್ಗದವರಿಗೆ ಈ ಖರ್ಚು ಹೊರೆಯೇ. ಹೊರಡುವ ಮೊದಲೇ ಏನೇನು ಬೇಕೆಂದು ವ್ಯವಸ್ಥಾಪಕರು ಸ್ಪಷ್ಟವಾಗಿ ತಿಳಿಸಬೇಕು, ಸೂಟು ಬೂಟುಗಳನ್ನು ಬಾಡಿಗೆಗಾದರೂ ಇಡಬೇಕು. ಅದನ್ನು ನೀವು ಧೈರ್ಯವಾಗಿ ಕೇಳಿ. ನಿಯಮ ಸಡಿಲಿಸಿ ಎಂದು ಮಾತ್ರ ಕೇಳಬೇಡಿ. ಸಮಾರಂಭಗಳಿಗೆಂದು ಹಿರಿಯರು ದುಡ್ಡು ಕೂಡಿಸಿ ದೊಡ್ಡ ಪಾತ್ರೆಗಳನ್ನು ಕೊಂಡಿಟ್ಟು ಎಲ್ಲರೂ ಬಳಸುತ್ತಿದ್ದರಲ್ಲ, ಹಾಗೆಯೇ ಒಂದೇ ಅಳತೆಯ ನಾಲ್ವರು ಗೆಳೆಯರು ಸೇರಿ ಒಂದು ಸೂಟು ಕೊಳ್ಳಬಹುದು. ಹೆಲ್ಮೆಟ್ ಮಾತ್ರ ಅವರವರ ತಲೆಗೆ ಅವರವರದೇ ಇರಲಿ.

ನಮ್ಮ ಹುಡುಗ ದೀಪಾವಳಿ ಬೋನಸ್ಸಿನಲ್ಲಿ ಹೊಸ ಹೆಲ್ಮೆಟ್ ಕೊಂಡ. ಹಳೆಯದರಲ್ಲಿ ನಾನು ದೊಡ್ಡಪತ್ರೆ ನೆಟ್ಟಿದ್ದೇನೆ. ಬಾಲ್ಕನಿಯಲ್ಲಿ ಅದು ಚೆನ್ನಾಗಿಯೇ ಚಿಗುರಿದೆ, ಇಲ್ಲಿ ತಪಾಸಣೆಯವರ ತಕರಾರಿಲ್ಲ!